ಧರೆಯ ಹಚ್ಚೆಗಿಡ, ಬಿರಿಯಾನಿ ಡಬ್ಬಿಯಲ್ಲಿ

ಹೋದ ವರ್ಷ ಮಾಡಿದ ದಡ್ಡತನವನ್ನು ಮೊದಲು ಹೇಳಿಬಿಡುತ್ತೇನೆ. ಜರೀಗಿಡವನ್ನು (ಫರ್ನ್) ಎಲೆ ಬೆನ್ನಿನ ಪುಡಿಯಿಂದಲೇ ಬೆಳೆಸುವ ಹುಚ್ಚು ಹತ್ತಿತ್ತು. ಒಂದು ಡಬ್ಬಿಯಲ್ಲಿ ಉದುರಿಸಿ ಇಟ್ಟೆ. ಒಂದೂವರೆ ತಿಂಗಳಿಗೆ ಮೇಲೆಲ್ಲ ಹಸಿರು ಲೋಳೆಯಂಥದ್ದು ಕಟ್ಟಿತು. ಪಾಚಿ ಬಂತು, ಕೆಟ್ಟುಹೋಯಿತು ಅಂತ ಬಚ್ಚಲಿಗೆ ಸುರಿದೆ. ಆ ಲೋಳೆಯೇ ಗಿಡದ ಮೊದಲ ರೂಪ ಅಂತ ಗೊತ್ತಾಗಿದ್ದು ಡಬ್ಬಿ ತೊಳೆದಿಟ್ಟ ಮೇಲೆ. ಅದಕ್ಕೇ ಈ ಸಲ ದಿನಾಂಕ ಹಾಕಿ ಬರೆದಿಡುತ್ತಿದ್ದೇನೆ.

ಅಕ್ಟೋಬರ್ 5

ದಸರಾ ರಜೆಗೆ ಊರಿಗೆ ಬಂದಿದ್ದೇನೆ, ತೀರ್ಥಹಳ್ಳಿ ಹತ್ತಿರ. ಮನೆ ಹಿಂದಿನ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ತುಂಬ ಹಚ್ಚೆಗಿಡ. ಮಲೆನಾಡಿನಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ಎಲೆಯ ಬೆನ್ನು ಸುಣ್ಣ ಬಳಿದ ಹಾಗೆ ಬೆಳ್ಳಗೆ. ತೋಳಿನ ಮೇಲಿಟ್ಟು ಪಟ್ ಅಂತ ಹೊಡೆದು ಎತ್ತಿದರೆ ಇಡೀ ಎಲೆಯ ಚಿತ್ರ ಬಿಳಿಯಾಗಿ ಮೂಡಿರುತ್ತದೆ. ಶಾಲೆಗೆ ಹೋಗುವ ದಾರಿಯಲ್ಲಿ ಎರಡೂ ಕೈ ತುಂಬ ಒತ್ತಿಕೊಳ್ಳುತ್ತಿದ್ದೆವು. ನಮ್ಮ ಮನೆಯಲ್ಲಿ ಅದರ ಹೆಸರೇ ಹಚ್ಚೆಗಿಡ. ಪುಸ್ತಕದ ಹೆಸರು ಪಿಟಿರೊಗ್ರಾಮಾ ಕ್ಯಾಲೊಮೆಲಾನೋಸ್, ನರ್ಸರಿಯವರ ಬಾಯಲ್ಲಿ ಸಿಲ್ವರ್ ಫರ್ನ್. ಇದರ ಮೂಲ ಅಮೆರಿಕ ಖಂಡದ ಬಿಸಿ ಪ್ರದೇಶವಂತೆ. ನಮ್ಮ ಧರೆಯದ್ದೇ ಅಂತ ಇಷ್ಟು ವರ್ಷ ನಂಬಿದ್ದೆ!

ಬುಡ ಕಿತ್ತು ತಂದರೆ ಇದು ಬದುಕುವುದಿಲ್ಲ, ಎರಡು ಸಲ ಬಸ್ಸಿನಲ್ಲಿ ಒಯ್ದು ನೋಡಿದ್ದೇನೆ. ಹಾಗಾಗಿ ಈ ಸಲ ಎಲೆ ಮಾತ್ರ. ಕೈಗೆ ಹತ್ತುವ ಬಿಳಿಯದ್ದು ಬರೀ ಮೇಣದ ಪುಡಿ. ಹೊಸ ಗಿಡ ಹುಟ್ಟಿಸುವ ಬೀಜಾಣು ಬೇರೆ, ಅದು ಎಲೆ ಬಲಿತ ಮೇಲೆ ಬಿಳಿಯ ಮೇಲೆ ಕಂದು-ಕಪ್ಪಾಗಿ ಹರಡಿಕೊಳ್ಳುತ್ತದೆ. ಚಿಕ್ಕವರಿದ್ದಾಗ ಅಂಥ ಎಲೆಯನ್ನು ಬಿಸಾಡುತ್ತಿದ್ದೆವು, ಚಿತ್ರ ಸರಿಯಾಗಿ ಬೀಳಲ್ಲ ಅಂತ. ಈಗ ಅದನ್ನೇ ಹುಡುಕಿ ಹುಡುಕಿ ಕಿತ್ತೆ.

"ಎಂತಾ ಮಾರಾಯ್ತಿ, ಅದನ್ನ ಬೆಂಗಳೂರಿಗೆ ತಗಂಡು ಹೋಗ್ತೀಯಾ?" ಅಂದರು ಅಮ್ಮ. ಅವರಿಗೆ ಅದು ಕಳೆ.

ಅಕ್ಟೋಬರ್ 9

ಎಲೆಗಳನ್ನು ಬಿಳಿ ಹಾಳೆಯಲ್ಲಿ ಮಡಚಿ ಮೂರು ದಿನ ಪುಸ್ತಕದ ಕೆಳಗೆ ಇಟ್ಟಿದ್ದೆ. ಇವತ್ತು ಬಿಚ್ಚಿದರೆ ಹಾಳೆ ಮೇಲೆ ಕಾಫಿ ಪುಡಿಗಿಂತ ನುಣ್ಣಗಿನ ಕಪ್ಪು ಧೂಳು. ಹಾಳೆಯನ್ನು ಓರೆ ಮಾಡಿ ಮೆಲ್ಲಗೆ ತಟ್ಟಿದರೆ ಹೊಟ್ಟು ಮೊದಲು ಜಾರುತ್ತದೆ, ಬೀಜಾಣು ಹಾಳೆಗೇ ಅಂಟಿಕೊಂಡಿರುತ್ತದೆ. ಹೊಟ್ಟು ಹೋಗಲೇಬೇಕು, ಬೂಸ್ಟು ಬರುವುದು ಅದರಿಂದ.

ಬಿರಿಯಾನಿ ಪಾರ್ಸೆಲ್ಲಿನ ಎರಡು ಡಬ್ಬಿ, ಪಾರದರ್ಶಕ ಮುಚ್ಚಳದವು. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಬೆರಳು ಎತ್ತರ ತುಂಬಿ ಕುದಿಯುವ ನೀರು ಸುರಿದೆ. ಆರಿದ ಮೇಲೆ ನೀರು ಬಸಿದು, ಉಸಿರು ಬಿಗಿಹಿಡಿದು ಪುಡಿ ಉದುರಿಸಿದೆ. ಒಂದರಲ್ಲಿ ಹಚ್ಚೆಗಿಡ. ಇನ್ನೊಂದರಲ್ಲಿ ನನ್ನ ಬಾಲ್ಕನಿಯ ಬೇರೊಂದು ಜರೀಗಿಡ, ಮೇಡನ್‌ಹೇರ್. ಅದರ ಬೀಜಾಣು ಎಲೆಯಂಚು ಒಳಕ್ಕೆ ಮಡಚಿಕೊಂಡ ಕಡೆ ಅಡಗಿರುತ್ತದೆ. ಬಾಸ್ಟನ್ ಫರ್ನ್ ಮೂರು ಕುಂಡ ಇದ್ದರೂ ಮುಟ್ಟಲಿಲ್ಲ. ಆ ತಳಿ ಪುಡಿಯಿಂದ ಬರುವುದಿಲ್ಲ, ಬುಡದಿಂದ ಓಡುವ ದಾರದಂಥ ಬಳ್ಳಿಯಿಂದಲೇ ಮರಿ ಮಾಡಿಕೊಳ್ಳಬೇಕು.

ಮುಚ್ಚಳ ಹಾಕಿ, ಬಿಸಿಲು ನೇರ ಬೀಳದ ಪೂರ್ವದ ಕಿಟಕಿಯಲ್ಲಿಟ್ಟೆ. 1829ರ ಸುಮಾರಿಗೆ ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್ ಪತಂಗದ ಕೋಶವನ್ನು ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರಂತೆ. ಅದರೊಳಗೆ ತಾನಾಗಿ ಜರೀಗಿಡ ಮೊಳೆಯಿತು. ಹೊಗೆ ತುಂಬಿದ ಊರಿನಲ್ಲಿ ಹೊರಗೆ ಇಟ್ಟರೆ ಸಾಯುವ ಗಿಡ ಒಳಗೆ ಬದುಕಿತು. ನನ್ನ ಡಬ್ಬಿಯೂ ಅದೇ ಉಪಾಯ, ಸ್ವಲ್ಪ ಮಸಾಲೆ ವಾಸನೆ ಜಾಸ್ತಿ.

ಅಕ್ಟೋಬರ್ 27

ಹಚ್ಚೆಗಿಡದ ಡಬ್ಬಿ ಹಸಿರಾಗಿದೆ. ಮೇಡನ್‌ಹೇರ್ ಸುಮ್ನೆ ಕೂತಿದೆ. ಮುಚ್ಚಳ ತೆಗೆಯಲಿಲ್ಲ.

ನವೆಂಬರ್ 20

ಮೇಡನ್‌ಹೇರ್ ಕೂಡ ಹಸಿರು. ಆದರೆ ಮೂಲೆಯಲ್ಲಿ ಬಿಳಿ ಬೂಸ್ಟು. ಚಮಚದಿಂದ ಆ ಜಾಗವನ್ನು ಸುತ್ತಲಿನದ್ದರ ಸಮೇತ ಅಗೆದು ತೆಗೆದೆ. ಔಷಧಿ ಏನೂ ಹೊಡೆಯಲಿಲ್ಲ.

ಡಿಸೆಂಬರ್ 15

ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕೂತಿದ್ದೆ. ಲೋಳೆ ಅಂದುಕೊಂಡಿದ್ದು ಈಗ ಬಿಡಿಬಿಡಿ ತುಣುಕು. ಒಂದೊಂದೂ ಹೃದಯದಾಕಾರ, ಸಾಸಿವೆಗಿಂತ ಒಂಚೂರು ದೊಡ್ಡದು, ಆಚೆ ಬೆಳಕು ಕಾಣುವಷ್ಟು ತೆಳು. ಪ್ರೊಥಾಲಸ್ ಅನ್ನುವುದು ಇದಕ್ಕೇ. ಗಂಡು, ಹೆಣ್ಣು ಎರಡೂ ಇದರ ಹೊಟ್ಟೆಯಡಿ ಇರುತ್ತವೆ. ಗಂಡು ಕಣ ನೀರಿನಲ್ಲಿ ಈಜಿಕೊಂಡೇ ಹೆಣ್ಣಿನ ಹತ್ತಿರ ಹೋಗಬೇಕು. ಮೇಲೆ ನೀರಿನ ಪೊರೆ ಇಲ್ಲದಿದ್ದರೆ ವರ್ಷ ಕಾದರೂ ಜರೀಗಿಡ ಬರುವುದಿಲ್ಲ. ಕುದಿಸಿ ಆರಿಸಿದ ನೀರನ್ನು ಸ್ಪ್ರೇ ಬಾಟಲಿಗೆ ತುಂಬಿ, ಮಂಜು ಬಿದ್ದ ಹಾಗೆ ಹೊಡೆದೆ. ಇನ್ನು ನಾಲ್ಕು ದಿನಕ್ಕೊಮ್ಮೆ ಇದೇ ಕೆಲಸ.

ಒಂದು ಕಡೆ ಪುಡಿ ದಪ್ಪಗೆ ಬಿದ್ದಿತ್ತು. ಅಲ್ಲಿನವು ಒತ್ತೊತ್ತಾಗಿ, ಹೃದಯವೂ ಆಗದೆ ಸಣ್ಣಗೇ ಉಳಿದಿವೆ. ಇಕ್ಕಟ್ಟಿನಲ್ಲಿ ಬೆಳೆದವು ಹೆಚ್ಚಾಗಿ ಗಂಡಾಗಿಯೇ ಉಳಿಯುತ್ತವೆ. ಮುಂದಿನ ಸಲ ಪುಡಿ ಅರ್ಧಕ್ಕಿಂತ ಕಡಿಮೆ.

ಜನವರಿ 18

ಬಂತು! ಒಂದು ಹೃದಯದ ಸೀಳಿನ ಹತ್ತಿರ ಎಳ್ಳಿನಷ್ಟು ಎಲೆ, ಪುಟ್ಟ ತೊಟ್ಟಿನ ಮೇಲೆ. ಸಂಜೆ ಎಣಿಸಿದಾಗ ಏಳು. ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಎಲ್ಲಿ, ಎಲ್ಲಿ ಅಂದರು.

ಮಾರ್ಚ್ 2

ಹಚ್ಚೆಗಿಡ ಉಗುರಿನಷ್ಟಾಗಿದೆ. ಹಲ್ಲುಕಡ್ಡಿಯಿಂದ ಗುಂಪು ಗುಂಪಾಗಿ ಎತ್ತಿ ಮೊಸರಿನ ಲೋಟಗಳಿಗೆ ದಾಟಿಸಿದೆ. ಕೆಂಪು ಮಣ್ಣು, ಕೋಕೋಪೀಟ್, ಒಂದಿಷ್ಟು ಇಟ್ಟಿಗೆ ಚೂರು. ಮೇಲೆ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್.

ಏಪ್ರಿಲ್ 11

ತಪ್ಪು ಪೂರ್ತಿ ನನ್ನದೇ. ಮೇಡನ್‌ಹೇರ್ ಹನ್ನೊಂದು ಲೋಟ ಚೆನ್ನಾಗಿದ್ದವು. ಹೊರಗಿನ ಗಾಳಿಗೆ ಒಗ್ಗಲಿ ಅಂತ ಒಂದೇ ದಿನ ಎಲ್ಲದರ ಚೀಲ ತೆಗೆದು ಆಫೀಸಿಗೆ ಹೋದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ, ಬಾಲ್ಕನಿಯ ಮೀಟರ್ ಗಾಳಿಯ ತೇವಾಂಶ ಶೇಕಡಾ 24 ತೋರಿಸುತ್ತಿತ್ತು. ಸಂಜೆ ಬಂದಾಗ ಎಲೆಗಳು ಹುರಿದ ಕರಿಬೇವಿನ ಹಾಗೆ, ಮುಟ್ಟಿದರೆ ಪುಡಿ. ಲೋಟದಲ್ಲಿ ನೀರಿತ್ತು, ಆದರೂ ಉಳಿಯಲಿಲ್ಲ. ಬೇರಿಗೆ ಎಷ್ಟೇ ನೀರು ಕೊಟ್ಟರೂ ಗಾಳಿ ಒಣಗಿದ್ದರೆ ಈ ಗಿಡ ತಡೆಯುವುದಿಲ್ಲ.

ಚೀಲಕ್ಕೆ ಮೊದಲ ವಾರ ಒಂದು ತೂತು, ಎರಡನೇ ವಾರ ನಾಲ್ಕು, ಆಮೇಲೆ ರಾತ್ರಿ ಹೊತ್ತು ಮಾತ್ರ ತೆಗೆಯುವುದು. ಹಾಗೆ ಮಾಡಬೇಕಿತ್ತು, ಗೊತ್ತೂ ಇತ್ತು. ಆತುರ. ಪುಣ್ಯಕ್ಕೆ ಹಚ್ಚೆಗಿಡದ ಚೀಲಗಳನ್ನು ಮುಟ್ಟಿರಲಿಲ್ಲ.

ಇದೇ ವಾರ ಬಾಸ್ಟನ್‌ಗಳ ಎಲೆತುದಿಯೂ ಕಂದಾಗಿದೆ. ಅದಕ್ಕೆ ಕಾರಣ ಬೋರ್‌ವೆಲ್ ನೀರು ಅನ್ನಿಸುತ್ತದೆ, ಕುಂಡದ ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ ಕಟ್ಟಿದೆ. ಮಳೆ ಬರುವವರೆಗೆ ಅವಕ್ಕೆ ಫಿಲ್ಟರ್ ನೀರು, ಮನೆಯವರ ಗೊಣಗಾಟದ ಜೊತೆ.

ಜೂನ್ 14

ಮಳೆ ಶುರುವಾಗಿದೆ, ಬಕೆಟ್ ಹೊರಗಿಟ್ಟು ನೀರು ಹಿಡಿಯುತ್ತಿದ್ದೇನೆ. ಮೇಡನ್‌ಹೇರ್ ಎರಡು ಲೋಟ ಬುಡದಿಂದ ಮತ್ತೆ ಚಿಗುರಿವೆ. ಅವು ಹಳೇ ಮೀನಿನ ತೊಟ್ಟಿಯೊಳಗೆ ಐಸಿಯುನಲ್ಲಿವೆ. ಹಚ್ಚೆಗಿಡ ಆರು ಕುಂಡ. ಉಳಿದ ಜರೀಗಿಡಗಳಿಗಿಂತ ಇದಕ್ಕೆ ಬೆಳಕು ಜಾಸ್ತಿ ಬೇಕು, ಧರೆಯ ಮೇಲೆ ಬಿಸಿಲಿನಲ್ಲೇ ಇರುತ್ತಿತ್ತಲ್ವಾ? ಬೆಳಗಿನ ಎರಡು ಗಂಟೆ ಬಿಸಿಲಿಗೆ ಇಟ್ಟಿದ್ದೇನೆ. ಎಲೆಗಳು ನಾಲ್ಕು ಬೆರಳಷ್ಟು ಉದ್ದ. ಇಷ್ಟು ದಿನ ಬೆನ್ನೂ ಹಸಿರೇ ಇತ್ತು. ಇವತ್ತು ಮೂರನೇ ಕುಂಡದ ಹೊಸ ಎಲೆ ತಿರುಗಿಸಿದರೆ ಬೆಳ್ಳಗಿದೆ, ಹೆಬ್ಬೆರಳಿಗೆ ಸ್ವಲ್ಪ ಹತ್ತಿತು.

ಅಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. "ಧರೆ ಸವರಕ್ಕೆ ನಾಳೆ ಆಳು ಬರ್ತಾನೆ. ಒಂದು ಹತ್ತು ಬುಡ ತೆಗೆಸಿ ಇಡ್ಲಾ?"