ಶ್ರೀತಾಳೆ: ಎರಡೂವರೆ ವರ್ಷಕ್ಕೆ ನಾಲ್ಕು ಎಲೆ

ನಾಲ್ಕನೇ ಎಲೆ ಬಿಚ್ಚಿತು. ಆರು ತಿಂಗಳ ಸುದ್ದಿ ಅಂದರೆ ಇಷ್ಟೇ. ಆದರೆ ಇದು ಮೊದಲಿನ ಮೂರರ ಹಾಗೆ ತೆಂಗಿನ ಸಸಿಯ ಎಲೆಯಂತೆ ಬರೀ ಉದ್ದಕ್ಕಿಲ್ಲ. ತುದಿಯಲ್ಲಿ ಒಂಚೂರು ಸೀಳಿದೆ. ದೊಡ್ಡ ಮರದ ಎಲೆಯ ಹಾಗೆ ಬೀಸಣಿಗೆ ಆಗುವ ಲಕ್ಷಣ! ಬೆಳಗ್ಗೆ ಹಲ್ಲುಜ್ಜುತ್ತಾ ನೋಡಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮನೆಯವರನ್ನೆಲ್ಲ ಕರೆದೆ. ಯಾರೂ ಬರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಶ್ರೀತಾಳೆ ನಮ್ಮ ಕರಾವಳಿ, ಕೇರಳ, ಶ್ರೀಲಂಕಾ ಕಡೆಯ ಮರ. ಮಲಯಾಳದಲ್ಲಿ ಕುಡಪ್ಪನ ಅಂತಾರೆ, ಕೊಡೆಯ ತಾಳೆ ಅಂತ ಅರ್ಥ. ಒಂದೊಂದು ಎಲೆ ಅಡ್ಡಕ್ಕೆ 5 ಮೀಟರ್ ತನಕ ಹರಡುತ್ತದೆ. ಓಲೆ ಕೊಡೆ ಮಾಡುತ್ತಿದ್ದದ್ದು, ತಾಳೆಗರಿಯಲ್ಲಿ ಗ್ರಂಥ ಬರೆಯುತ್ತಿದ್ದದ್ದು ಇದರಲ್ಲೂ. ಹೂವಿನ ವಿಷಯಕ್ಕೆ ಬಂದರೆ, ಟೈಟನ್ ಆರಮ್ ಫೋಟೊ ಎಲ್ಲರೂ ನೋಡಿರುತ್ತೀರಿ, ನಮ್ಮ ಸುವರ್ಣಗಡ್ಡೆಯ ನೆಂಟ, 3 ಮೀಟರ್ ಎತ್ತರದ್ದು. ಅದು ಕವಲಿಲ್ಲದ ಹೂಗೊಂಚಲುಗಳಲ್ಲಿ ದೊಡ್ಡದು. ಕವಲೊಡೆಯುವುದರಲ್ಲಿ ಶ್ರೀತಾಳೆಯೇ ದೊಡ್ಡದು. 6ರಿಂದ 8 ಮೀಟರ್, ಕೋಟಿಗಟ್ಟಲೆ ಪುಟ್ಟ ಹೂ. ಅದೂ ಜೀವಮಾನದಲ್ಲಿ ಒಂದೇ ಸಲ, 30ರಿಂದ 80 ವರ್ಷದ ನಡುವೆ ಯಾವಾಗಲೋ. ಹೂ ಬಿಟ್ಟು, ಕಾಯಿ ಬಲಿತ ಮೇಲೆ ಮರ ಸಾಯುತ್ತದೆ. ಬಾಳೆಯಾದರೆ ಕಂದು ಬಿಟ್ಟು ಹೋಗುತ್ತದೆ, ಇದಕ್ಕೆ ಅದೂ ಇಲ್ಲ. ಬೀಜವೊಂದೇ ದಾರಿ.

ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಆದರೆ ಈ ಮರ ಹೂ ಬಿಟ್ಟರೆ ಮನೆಗೆ ಆಗಿಬರುವುದಿಲ್ಲ ಅಂತ, ಹೂ ಕಂಡ ಕೂಡಲೇ ಕಡಿಸುವವರು ನಮ್ಮ ಕಡೆ ಇದ್ದಾರೆ. ಐವತ್ತು ವರ್ಷ ಕಾದ ಮರವನ್ನು ಇನ್ನೊಂದು ವರ್ಷ ಬಿಡುವುದಿಲ್ಲ ಅಂದರೆ ಬೀಜ ಎಲ್ಲಿಂದ ಬರಬೇಕು? ಕಾರ್ಕಳದ ಹತ್ತಿರ ದೊಡ್ಡಮ್ಮನ ಮನೆಯ ಆಚೆ ತೋಟದ ಮರ ಪುಣ್ಯಕ್ಕೆ ಉಳಿದಿತ್ತು. 2023ರ ಜೂನ್‌ನಲ್ಲಿ ಹೋದಾಗ ಬುಡದ ತುಂಬಾ ಕಾಯಿ. "ಎಷ್ಟು ಬೇಕಾದ್ರೂ ತಗೊಂಡು ಹೋಗಿ ಮಾರಾಯ್ರೇ, ಗುಡಿಸಿ ಸಾಕಾಯ್ತು" ಅಂದರು ತೋಟದವರು. 60 ಆರಿಸಿದೆ. ಸಿಪ್ಪೆ ಬಿಡಿಸುವಾಗ ಗ್ಲೌಸ್ ಹಾಕಿಕೊಂಡೆ. ಹಿಂದೊಮ್ಮೆ ಬೈನೆ (ಅದೂ ತಾಳೆಯ ಜಾತಿಯದೇ) ಹಣ್ಣು ಬರಿಗೈಲಿ ಹಿಸುಕಿ ಎರಡು ದಿನ ತುರಿಸಿಕೊಂಡ ನೆನಪು ಇನ್ನೂ ಇದೆ. ಒಳಗಿನ ಬೀಜ ದಂತದ ಹಾಗೆ ಗಟ್ಟಿ. ಹಿಂದೆ ಗುಂಡಿ, ಮಣಿ ಮಾಡುತ್ತಿದ್ದರಂತೆ, ಮಾಡದೇ ಇರುತ್ತಾರಾ!

ಇಲ್ಲಿಂದ ನನ್ನ ಪೆದ್ದುತನ ಶುರು. ಅಡಿಕೆ ಸಸಿ ಮಾಡುವ ಆರಿಂಚಿನ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಹೊಯ್ಗೆ (ಮರಳು), ಹಟ್ಟಿಗೊಬ್ಬರ ತುಂಬಿಸಿ ಊರಿದೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಹೋಯಿತು, ಮೇಲೆ ಏನೂ ಕಾಣಲಿಲ್ಲ. ಅಕ್ಟೋಬರ್‌ನಲ್ಲಿ ತಾಳ್ಮೆ ಕೆಟ್ಟು ಒಂದು ತೊಟ್ಟೆ ಹರಿದು ನೋಡಿದರೆ ಬೀಜದಿಂದ ಕಿರುಬೆರಳು ದಪ್ಪದ ಬಿಳಿ ಕೊಳವೆಯೊಂದು ನೇರ ಕೆಳಗಿಳಿದು, ತಳ ಮುಟ್ಟಿ, ಜಾಗ ಸಾಲದೆ ಹಾವಿನ ಹಾಗೆ ಸುತ್ತಿಕೊಂಡು ಕೂತಿತ್ತು. ಆಮೇಲೆ ಓದಿ ತಿಳಿದದ್ದು: ಇದು ಬೀಜದ ಪಕ್ಕದಲ್ಲೇ ಮೊಳೆಯುವ ಜಾತಿಯಲ್ಲ. ಮೊದಲು ಬೀಜವೇ ಒಂದು ಕೊಳವೆಯನ್ನು ಕೆಳಕ್ಕೆ ಕಳಿಸುತ್ತದೆ. ಬೇರೂ ಸುಳಿಯೂ ಹುಟ್ಟುವುದು ಆ ಕೊಳವೆಯ ತುದಿಯಲ್ಲಿ, ಅಲ್ಲಿಂದ ಎಲೆ ಮತ್ತೆ ಮೇಲಕ್ಕೆ ಬರಬೇಕು. ನಾನು ಮೇಲೆ ನೋಡುತ್ತಾ ಕೂತಿದ್ದಾಗ ಎಲ್ಲ ಕೆಲಸವೂ ಕೆಳಗೆ ನಡೆಯುತ್ತಿತ್ತು. ಬಿಡಿಸಿ ಬೇರೆ ಕಡೆ ನೆಡಲು ಹೋಗಿ 19 ಮುರಿದವು, ಪಟಕ್ ಅಂತ. ಉಳಿದವುಗಳಲ್ಲಿ ಹೆಚ್ಚಿನವು ಕೊಳೆತವು. ಆ 60ರಲ್ಲಿ ಬದುಕಿದ್ದು ನಾಲ್ಕು.

ನವೆಂಬರ್‌ನಲ್ಲಿ ಮತ್ತೆ ಹೋದೆ, ಕಾಯಿ ಇನ್ನೂ ಬೀಳುತ್ತಿತ್ತು. ಈ ಸಲ 40 ತಂದೆ. ಹಳೇ ನಾಲ್ಕಿಂಚಿನ ಪಿವಿಸಿ ಪೈಪನ್ನು ಎರಡೂವರೆ ಅಡಿ ತುಂಡು ಮಾಡಿಸಿ, ಉದ್ದಕ್ಕೆ ಎರಡು ಹೋಳಾಗಿ ಸೀಳಿಸಿ, ತಂತಿಯಲ್ಲಿ ಕಟ್ಟಿದೆ. ನೆಡುವಾಗ ತಂತಿ ಬಿಚ್ಚಿದರೆ ಸಾಕು, ಬೇರಿಗೆ ಏನೂ ಆಗುವುದಿಲ್ಲ. ತಳಕ್ಕೆ ತೆಂಗಿನ ಸಿಪ್ಪೆ, ಮೇಲೆ ಹೊಯ್ಗೆ ಜಾಸ್ತಿ, ಮಣ್ಣು ಕಡಿಮೆ. ಬೀಜ ಅರ್ಧ ಮಾತ್ರ ಹೂತದ್ದು. ಐದನೇ ತಿಂಗಳಿಗೆ ಮೊದಲ ಸುಳಿ ಕಂಡಿತು. ಒಟ್ಟು 31 ಬಂದವು. ಪೈಪ್ ಕತ್ತರಿಸಿಕೊಟ್ಟ ಪ್ಲಂಬರ್ ಈಗಲೂ ಸಿಕ್ಕಾಗಲೆಲ್ಲ "ನಿಮ್ಮ ಪೈಪ್ ಗಿಡ ಹೇಗುಂಟು?" ಅಂತ ಕೇಳುತ್ತಾರೆ.

ಹೋದ ಮಳೆಗಾಲದಲ್ಲಿ ಆರನ್ನು ನೆಲಕ್ಕೆ ಇಳಿಸಿದೆ. ಎರಡನ್ನು ಮುಳ್ಳುಹಂದಿ ಬುಡ ಸಮೇತ ತಿಂದು ಹೋಯಿತು. ಈಗ ಉಳಿದ ನಾಲ್ಕಕ್ಕೂ ಸುತ್ತ ತಗಡು ಹೂತಿದ್ದೇನೆ. ಜಾಗ ಹುಡುಕುವುದೇ ದೊಡ್ಡ ತಲೆನೋವು. ಕರೆಂಟ್ ತಂತಿ ಇರಬಾರದು, ಬೇಲಿಯ ಹತ್ತಿರ ಬೇಡ, ಮನೆಯಿಂದಲೂ ದೂರ ಇರಬೇಕು. ಕಾಂಡ ಮೇಲೇಳುವುದಕ್ಕೇ ಹಲವು ವರ್ಷ ಬೇಕು, ಅಲ್ಲಿವರೆಗೆ ಬುಡ ಸುಮ್ನೆ ದಪ್ಪ ಆಗುತ್ತಾ ಇರುತ್ತದೆ. 14 ಗಿಡ ಪರಿಚಯದವರಿಗೆ ಕೊಟ್ಟೆ. ಕೊಡುವಾಗ ಒಂದೇ ಕರಾರು: ಹೂ ಬಂದರೆ ಕಡಿಯಬಾರದು. ಒಬ್ಬರು "ಅಷ್ಟು ಹೊತ್ತಿಗೆ ನೀವೂ ಇರಲ್ಲ, ನಾನೂ ಇರಲ್ಲ, ಯಾರಿಗೆ ಹೇಳ್ತೀರಿ?" ಅಂದರು. ನ್ಯಾಯವೇ. ಬ್ರೆಜಿಲ್‌ನ ರಿಯೋದಲ್ಲಿ 1960ರ ದಶಕದಲ್ಲಿ ಬರ್ಲೆ ಮಾರ್ಕ್ಸ್ ಎಂಬ ತೋಟ ವಿನ್ಯಾಸಕಾರರು ಹಾಕಿಸಿದ ಶ್ರೀತಾಳೆಗಳು 2025ರ ಕೊನೆಗೆ ಹೂ ಬಿಟ್ಟವು. ಅವರು ತೀರಿಕೊಂಡದ್ದು 1994ರಲ್ಲಿ. ಹಾಗಾಗಿ ಕರಾರನ್ನು ಒಂದು ತಗಡಿನ ಚೂರಿನ ಮೇಲೆ ಬರೆಸಿ ಗಿಡದ ಜೊತೆಗೇ ಕೊಡುತ್ತಿದ್ದೇನೆ. ಪೇಂಟ್ ಎಷ್ಟು ಮಳೆಗಾಲ ಬಾಳುತ್ತದೋ ನೋಡಬೇಕು.

ಪೈಪಿನಲ್ಲಿ ಇನ್ನೂ 15 ಇವೆ. ಕೆಲವದರ ಬೇರು ಈಗಾಗಲೇ ತಳದಿಂದ ಹೊರಗೆ ಇಣುಕುತ್ತಿದೆ. ಜೂನ್ ಒಳಗೆ ಮೂರಡಿ ಆಳದ ಗುಂಡಿ ತೆಗೆಸಬೇಕು, ನಮ್ಮದು ಮುರಕಲ್ಲಿನ ನೆಲ ಬೇರೆ. ಹಾರೆ ಹಿಡಿಯುವವರು ಸಿಕ್ಕರೆ ಮುಂದಿನ ಸಲ ಅದರ ಫೋಟೊ.