ಎತ್ತರಗಳ ಊರು ಮಿನಾಮಿಸಾನ್ರಿಕು: ಹೋಗಬೇಕೆಂದಿರುವವರಿಗೆ

ಜಪಾನಿನ ಈಶಾನ್ಯ ಕರಾವಳಿಯಲ್ಲಿರುವ ಮಿನಾಮಿಸಾನ್ರಿಕು ಪಟ್ಟಣದ ಹತ್ತಿರ ರಾಷ್ಟ್ರೀಯ ಹೆದ್ದಾರಿ 45ರಲ್ಲಿ ಸಾಗುವಾಗ ರಸ್ತೆಯ ಪಕ್ಕದಲ್ಲಿ ಕೆಲವು ಫಲಕಗಳು ಕಾಣಿಸುತ್ತವೆ. ಹಿಂದೆ ಸುನಾಮಿಯ ನೀರು ನುಗ್ಗಿದ ಭಾಗ ಇಲ್ಲಿಂದ ಶುರು ಎಂದು ಒಂದು ಫಲಕ ಹೇಳಿದರೆ, ಇಲ್ಲಿಗೆ ಮುಗಿಯಿತು ಎಂದು ಇನ್ನೊಂದು ಹೇಳುತ್ತದೆ. ಮೊದಲ ಫಲಕ ಕಂಡಾಗ ನಮ್ಮ ಕಿಟಕಿಯಾಚೆ ಇದ್ದದ್ದು ಗದ್ದೆ ಮತ್ತು ದೇವದಾರು ಜಾತಿಯ ಮರಗಳು ತುಂಬಿದ ಗುಡ್ಡ. "ಸಮುದ್ರ ಎಲ್ಲಿದೆಯೋ?" ಎಂದು ಅಕ್ಕ ಕೇಳಿದಳು. ಸಮುದ್ರ ಇನ್ನೂ ಕಣ್ಣಿಗೇ ಬಿದ್ದಿರಲಿಲ್ಲ.

ನಾವಿಬ್ಬರೂ ಹೋದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ, ಎರಡು ರಾತ್ರಿಗಳ ಮಟ್ಟಿಗೆ. ಜಪಾನಿಗೆ ಹೊರಡುವ ನಮ್ಮವರಲ್ಲಿ ಹೆಚ್ಚಿನವರು ಟೋಕಿಯೊ, ಕ್ಯೋಟೊ, ಹಿರೋಷಿಮಾ ನೋಡಿ ಮರಳುತ್ತಾರೆ. ಈಶಾನ್ಯದ ತೊಹೊಕು ಪ್ರದೇಶದ ಕಡೆಗೆ ತಿರುಗುವವರೂ ಸೆಂಡೈ ನಗರದಿಂದ ಬೆಳಿಗ್ಗೆ ಬಂದು, 2011ರ ಸುನಾಮಿಯ ನಂತರ ಉಳಿದ ಉಕ್ಕಿನ ಚೌಕಟ್ಟಿನ ಮುಂದೆ ಒಂದು ಫೋಟೊ ತೆಗೆದುಕೊಂಡು, ಊಟ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿದುಬಿಡುತ್ತಾರೆ. ಹಾಗೆ ಮಾಡಬೇಡಿ ಎಂದು ಹೇಳುವುದಕ್ಕೇ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ಈ ಊರಿನಲ್ಲಿ ಎಲ್ಲವೂ ಎತ್ತರದ ಲೆಕ್ಕದಲ್ಲಿದೆ. ಅಂಗಡಿ ಎಷ್ಟು ಎತ್ತರದಲ್ಲಿದೆ, ಮನೆ ಎಷ್ಟು ಎತ್ತರದಲ್ಲಿದೆ, ಅಲೆ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಕಾಲಿನಿಂದ ಹತ್ತಿ ಇಳಿದು ತಿಳಿಯದೆ ಈ ಊರು ಅರ್ಥವಾಗುವುದಿಲ್ಲ; ಅದಕ್ಕೆ ಒಂದು ರಾತ್ರಿಯಾದರೂ ಬೇಕು.

ಬೆಂಗಳೂರಿನಿಂದ ಹೊರಡುವವರು ಟೋಕಿಯೊ ತಲುಪಿದ ಮೇಲೆ ಶಿಂಕಾನ್‌ಸೆನ್ ರೈಲಿನಲ್ಲಿ ಸೆಂಡೈಗೆ ಬರಬೇಕು. ವೇಗದ ಹಯಾಬುಸಾ ರೈಲು ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. ಅದರಲ್ಲಿ ಎಲ್ಲವೂ ಕಾಯ್ದಿರಿಸಿದ ಆಸನಗಳೇ ಆದ್ದರಿಂದ ಮೊದಲೇ ಸೀಟು ಮಾಡಿಸಿಕೊಳ್ಳಿ. ಸೆಂಡೈಯಿಂದ ಮುಂದೆ ಎರಡು ದಾರಿಗಳಿವೆ. ನೇರವಾದ ಹೆದ್ದಾರಿ ಬಸ್ಸು ಎರಡು ಗಂಟೆಯೊಳಗೆ ತಲುಪಿಸುತ್ತದೆ. ಇನ್ನೊಂದು, ರೈಲಿನಲ್ಲಿ ಮಾಯೆಯಾಚಿ ಮತ್ತು ಯಾನಾಯಿಝು ಮೂಲಕ ಬಂದು ಬಿಆರ್‌ಟಿ, ಅಂದರೆ ತನಗೆಂದೇ ಮಾಡಿದ ದಾರಿಯಲ್ಲಿ ಓಡುವ ಬಸ್ಸು ಹಿಡಿದು, ಪಟ್ಟಣದ ನಡುಭಾಗವಾದ ಶಿಝುಗಾವಾದ ನಿಲ್ದಾಣದಲ್ಲಿ ಇಳಿಯುವುದು. ಇದಕ್ಕೆ ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೂ ಹೋಗುವಾಗ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಏಕೆಂದರೆ ಈ ಬಸ್ಸು ಬಹುಪಾಲು ಓಡುವುದು 2011ರಲ್ಲಿ ಕೊಚ್ಚಿಹೋದ ಕೆಸೆನ್ನುಮಾ ರೈಲು ಮಾರ್ಗದ ಜಾಗದಲ್ಲೇ. ಹಳಿಗಳಿದ್ದ ಕಡೆ ಡಾಂಬರು ಹಾಕಿ, ರೈಲಿನ ಸುರಂಗಗಳ ಒಳಗೆ ಒಂದೇ ಬಸ್ಸು ಹಿಡಿಸುವಷ್ಟು ರಸ್ತೆ ಮಾಡಿ, 2012ರಿಂದ ಬಸ್ಸುಗಳನ್ನು ಓಡಿಸುತ್ತಿದ್ದಾರೆ; 2020ರಲ್ಲಿ ಈ ಭಾಗದ ರೈಲು ಮಾರ್ಗವನ್ನು ಅಧಿಕೃತವಾಗಿ ಕೈಬಿಡಲಾಯಿತು. ಸೆಂಡೈಯಲ್ಲೇ ಶಿಝುಗಾವಾವರೆಗೆ ಕಾಗದದ ಟಿಕೆಟ್ ಕೊಂಡರೆ ನಡುವೆ ತೊಡಕಾಗುವುದಿಲ್ಲ. ಬಸ್ಸು, ರೈಲುಗಳ ಸಂಖ್ಯೆ ಕಡಿಮೆ. ರಜಾದಿನದ ವೇಳಾಪಟ್ಟಿ ಬೇರೆಯೆಂಬುದನ್ನು ಗಮನಿಸದೆ ನಾವು ಒಂದು ಬಸ್ಸು ತಪ್ಪಿಸಿಕೊಂಡು ಚಳಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾದೆವು. ಅಕ್ಟೋಬರ್ ಕೊನೆಯಲ್ಲಿ ಸಂಜೆಯ ಗಾಳಿಗೆ ಸ್ವೆಟರ್ ಸಾಲದು, ಗಾಳಿ ತಡೆಯುವ ಜಾಕೆಟ್ಟೇ ಬೇಕು.

ಊರಿನ ನೆಲದ ರಚನೆಯನ್ನು ಮೊದಲು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಮೂರು ಕಡೆ ಬೆಟ್ಟ, ಒಂದು ಕಡೆ ಶಿಝುಗಾವಾ ಕೊಲ್ಲಿ. ಬೆಟ್ಟಗಳ ನೆತ್ತಿಯೇ ಹೆಚ್ಚುಕಡಿಮೆ ಪಟ್ಟಣದ ಗಡಿ. ಹಾಗಾಗಿ ಈ ಊರಿನ ಮೇಲೆ ಬಿದ್ದ ಮಳೆ ಇದೇ ಊರಿನ ತೊರೆಗಳಲ್ಲಿ ಹರಿದು ಇದೇ ಊರಿನ ಕೊಲ್ಲಿಯನ್ನು ಸೇರುತ್ತದೆ. ಬಹಳ ಹಿಂದೆ ನದಿ ಕಣಿವೆಗಳಾಗಿದ್ದ ಜಾಗಗಳಿಗೆ ಸಮುದ್ರ ತುಂಬಿಕೊಂಡು ಈ ಸಾನ್ರಿಕು ಕರಾವಳಿ ಗರಗಸದ ಹಲ್ಲಿನಂತಾಗಿದೆ. ಒಳನೀರು ಶಾಂತವಾಗಿರುವುದರಿಂದ ಮೀನುಗಾರಿಕೆಗೆ, ಸಿಂಪಿ ಮತ್ತು ಕಡಲಕಳೆಯ ಸಾಕಣೆಗೆ ಇಂಥ ಕೊಲ್ಲಿಗಿಂತ ಒಳ್ಳೆಯ ಜಾಗವಿಲ್ಲ. ಆದರೆ ತೆರೆದ ಸಮುದ್ರದಿಂದ ಬರುವ ಸುನಾಮಿ ಈ ಕಿರಿದಾಗುತ್ತ ಹೋಗುವ ಬಾಯೊಳಗೆ ಹೊಕ್ಕಾಗ ನೀರಿಗೆ ಹರಡಿಕೊಳ್ಳಲು ಜಾಗವಿಲ್ಲದೆ ಅದು ಮೇಲಕ್ಕೇ ಏರುತ್ತದೆ. ಜೀವನ ಕೊಟ್ಟ ಆಕಾರವೇ ಜೀವ ತೆಗೆಯುವುದನ್ನು ಇಲ್ಲಿಯವರು 1896ರಲ್ಲಿ, 1933ರಲ್ಲಿ, 1960ರಲ್ಲಿ ಕಂಡಿದ್ದರು.

1960ರ ಸುನಾಮಿಯ ಕಥೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಮೇ 22ರಂದು ಶಾಂತಸಾಗರದ ಆಚೆ ದಡದ ಚಿಲಿಯಲ್ಲಿ 9.5 ತೀವ್ರತೆಯ ಭೂಕಂಪವಾಯಿತು. ಅದರ ಅಲೆ ಸಾಗರವನ್ನೇ ದಾಟಿ ಮೇ 24ರ ಬೆಳಗಿನ ಜಾವ ಶಿಝುಗಾವಾವನ್ನು ಹೊಡೆಯಿತು. ನೆಲ ನಡುಗಿರಲಿಲ್ಲ, ಎಚ್ಚರಿಕೆಯ ಸುಳಿವೇ ಇರಲಿಲ್ಲ, ಊರಿನ 41 ಮಂದಿ ಸತ್ತರು. ಆ ನೋವಿನಿಂದಲೇ ಚಿಲಿಯೊಡನೆ ನಂಟು ಬೆಳೆದು, 1991ರಲ್ಲಿ ಅಲ್ಲಿಂದ ಒಂದು ಮೊವಾಯಿ ಶಿಲಾಮೂರ್ತಿ ಬಂತು. 2011ರ ಅಲೆ ಅದನ್ನೂ ಉರುಳಿಸಿತು. 2013ರಲ್ಲಿ ಚಿಲಿಗೆ ಸೇರಿದ ಈಸ್ಟರ್ ದ್ವೀಪದ ಕಲ್ಲಿನಲ್ಲೇ ಕೆತ್ತಿದ ಹೊಸ ಮೊವಾಯಿ ಬಂದು ಈಗ ಸಾನ್‌ಸಾನ್ ಅಂಗಡಿ ಬೀದಿಯಲ್ಲಿ ನಿಂತಿದೆ. ಮಕ್ಕಳು ಅದರ ಮುಂದೆ ಆಡಿಕೊಂಡಿರುತ್ತಾರೆ, ಪ್ರವಾಸಿಗರು ಅದನ್ನು ಅಲಂಕಾರವೆಂದೇ ತಿಳಿದು ಮುಂದೆ ಹೋಗುತ್ತಾರೆ. ದಯವಿಟ್ಟು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

1960ರ ನಂತರ ಊರು ಸುಮ್ಮನೆ ಕುಳಿತಿರಲಿಲ್ಲ. ಆ ಅಲೆಯನ್ನು ಲೆಕ್ಕಕ್ಕೆ ಹಿಡಿದು 5.5 ಮೀಟರ್ ಎತ್ತರದ ತಡೆಗೋಡೆ ಕಟ್ಟಿದರು, ಪ್ರತಿವರ್ಷ ಅಣಕು ತೆರವು ನಡೆಸಿದರು. 2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಭೂಕಂಪವಾದಾಗ ಹವಾಮಾನ ಇಲಾಖೆಯ ಮೊದಲ ಎಚ್ಚರಿಕೆ ಈ ಊರಿರುವ ಮಿಯಾಗಿ ಪ್ರಾಂತ್ಯಕ್ಕೆ 6 ಮೀಟರ್ ಎಂದಿತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಅದನ್ನು 10 ಮೀಟರಿಗೂ ಹೆಚ್ಚು ಎಂದು ತಿದ್ದಿದರು. ಹಚಿಮನ್ ನದಿಯ ದಡದಲ್ಲಿದ್ದ ಮೂರು ಅಂತಸ್ತಿನ ವಿಪತ್ತು ನಿರ್ವಹಣಾ ಕಚೇರಿಯ ತಾರಸಿ ಸುಮಾರು 12 ಮೀಟರ್ ಎತ್ತರದಲ್ಲಿತ್ತು. ಎರಡನೆಯ ಅಂತಸ್ತಿನಿಂದ 24 ವರ್ಷದ ಉದ್ಯೋಗಿಯೊಬ್ಬರು ಎತ್ತರದ ಜಾಗಕ್ಕೆ ಓಡಿ ಎಂದು ಧ್ವನಿವರ್ಧಕದಲ್ಲಿ ಕೊನೆಯವರೆಗೂ ಕೂಗುತ್ತಲೇ ಇದ್ದರು. ನೀರು ತಾರಸಿಯ ಮೇಲೂ ಹರಿಯಿತು. ಆ ಯುವತಿ ಸೇರಿದಂತೆ ಆ ಕಟ್ಟಡದಲ್ಲಿ 43 ಮಂದಿ ಸತ್ತರು. ಆಂಟೆನಾ ಕಂಬವನ್ನೂ ಮೆಟ್ಟಿಲ ಕಂಬಿಯನ್ನೂ ಹಿಡಿದುಕೊಂಡ ಕೆಲವರಷ್ಟೇ ಉಳಿದರು. ಇಡೀ ಪಟ್ಟಣದಲ್ಲಿ ಸತ್ತವರು ಮತ್ತು ಕಾಣೆಯಾದವರು ಸೇರಿ 800ಕ್ಕೂ ಹೆಚ್ಚು ಮಂದಿ. ಆಗಿನ ಜನಸಂಖ್ಯೆ 17 ಸಾವಿರದಷ್ಟಿತ್ತು.

ಆ ಕಟ್ಟಡದ ಕೆಂಪು ಉಕ್ಕಿನ ಚೌಕಟ್ಟು ಇಂದಿಗೂ ಇದೆ. ಕಂಬಗಳು ನೇರವಾಗಿಯೇ ಇವೆ, ಹೊರಮೆಟ್ಟಿಲ ಕಂಬಿಗಳು ಮಾತ್ರ ಹಸಿ ಬಳ್ಳಿಯಂತೆ ತಿರುಚಿಕೊಂಡಿವೆ. ಸಾವಿರಾರು ಟನ್ ನೀರು ಯಾವ ದಿಕ್ಕಿನಿಂದ ಬಂತೆಂಬುದನ್ನು ಆ ಕಂಬಿಗಳೇ ತೋರಿಸುತ್ತವೆ. ಇದನ್ನು ಕೆಡವಬೇಕೋ ಉಳಿಸಬೇಕೋ ಎಂಬುದು ಊರಿನೊಳಗೆ ವರ್ಷಗಟ್ಟಲೆ ನಡೆದ ಸಂಕಟದ ಚರ್ಚೆ. ತಮ್ಮವರು ಸತ್ತ ಜಾಗವನ್ನು ದಿನವೂ ನೋಡಲಾರೆವು ಎಂದವರ ಮಾತಿಗೂ ಅಷ್ಟೇ ತೂಕವಿತ್ತು. ತೀರ್ಮಾನಕ್ಕೆ ಕಾಲಾವಕಾಶ ಸಿಗಲೆಂದು ಪ್ರಾಂತ್ಯ ಸರ್ಕಾರ ಅದನ್ನು ತಾತ್ಕಾಲಿಕವಾಗಿ ವಹಿಸಿಕೊಂಡಿತ್ತು. 2024ರಲ್ಲಿ ಪಟ್ಟಣವೇ ಮರಳಿ ಪಡೆದು ಶಾಶ್ವತವಾಗಿ ಉಳಿಸಲು ನಿರ್ಧರಿಸಿತು. ಒಳಗೆ ಹೋಗುವಂತಿಲ್ಲ. ಇದು ಹಲವರ ಪಾಲಿಗೆ ಸಮಾಧಿಯಿದ್ದಂತೆ. ಮುಂದೆ ನಿಂತು ನಗುತ್ತ ಸೆಲ್ಫಿ ತೆಗೆಯಬೇಡಿ. ಸುತ್ತಲಿನ ಸ್ಮಾರಕ ಉದ್ಯಾನದಲ್ಲಿ ಪ್ರಾರ್ಥನೆಯ ಗುಡ್ಡವೆಂಬ 20 ಮೀಟರಿನ ದಿಬ್ಬವಿದೆ. ಅದನ್ನು ಹತ್ತುವಾಗ 16.5 ಮೀಟರ್ ಎತ್ತರದಲ್ಲಿ ಗುಡ್ಡವನ್ನು ಬಳಸುವ ಒಂದು ಕಾಲುದಾರಿ ಸಿಗುತ್ತದೆ. ಅಲ್ಲಿ ಸುನಾಮಿ ಏರಿದ ಸರಾಸರಿ ಎತ್ತರ ಅದು. ಆ ದಾರಿಯಲ್ಲಿ ನಿಂತು ಕೆಳಗಿನ ಚೌಕಟ್ಟಿನ ತುದಿಯನ್ನು ನೋಡಿದಾಗ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ.

ಉದ್ಯಾನದಿಂದ ಮರದ ನಾಕಾಹಾಶಿ ಸೇತುವೆ ದಾಟಿದರೆ ಸಾನ್‌ಸಾನ್ ಅಂಗಡಿ ಬೀದಿ. ಸುನಾಮಿಯ ಮರುವರ್ಷ ತಾತ್ಕಾಲಿಕ ಶೆಡ್ಡುಗಳಲ್ಲಿ ಶುರುವಾದ ಈ ಅಂಗಡಿಗಳು, ಮಣ್ಣು ಸುರಿದು ಎತ್ತರಿಸಿದ ನೆಲದ ಮೇಲೆ 2017ರ ಮಾರ್ಚ್‌ನಲ್ಲಿ ಮರುಹುಟ್ಟು ಪಡೆದವು. ಸೇತುವೆ, ಅಂಗಡಿಗಳು, 2022ರಲ್ಲಿ ತೆರೆದ ಮಿನಾಮಿಸಾನ್ರಿಕು 311 ಮೆಮೋರಿಯಲ್ ಇವೆಲ್ಲದರ ವಿನ್ಯಾಸ ವಾಸ್ತುಶಿಲ್ಪಿ ಕೆಂಗೊ ಕುಮಾ ಅವರದು. ಮೆಮೋರಿಯಲ್‌ನಲ್ಲಿ ಬದುಕುಳಿದವರ ಮಾತುಗಳನ್ನು ಆಧರಿಸಿದ ಚಿತ್ರಗಳನ್ನು ತೋರಿಸುತ್ತಾರೆ. ಅದಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ, ವಾರದ ರಜೆ ಯಾವಾಗ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಆದರೆ ಕಟ್ಟಡಗಳಿಗಿಂತ ಮೇಲಾದದ್ದು ಕತಾರಿಬೆಗಳ ಮಾತು. ಕಂಡದ್ದನ್ನು ಕೇಳುವವರಿಗೆ ಹೇಳುವುದನ್ನೇ ಕರ್ತವ್ಯವೆಂದು ತಿಳಿದ ಸ್ಥಳೀಯರನ್ನು ಹಾಗೆನ್ನುತ್ತಾರೆ. ಕೊಲ್ಲಿಯ ಬಂಡೆಯ ಮೇಲಿರುವ ಹೋಟೆಲ್ ಕಾನ್ಯೋ ನೂರಾರು ಸಂತ್ರಸ್ತರಿಗೆ ತಿಂಗಳುಗಟ್ಟಲೆ ಆಸರೆಯಾಗಿದ್ದ ಜಾಗ. ಅಲ್ಲಿಂದ ಪ್ರತಿ ಬೆಳಿಗ್ಗೆ, ಒಂದು ಗಂಟೆ ಕಾಲ ಸುತ್ತಿಸಿ ತರುವ ಕತಾರಿಬೆ ಬಸ್ಸು ಹೊರಡುತ್ತದೆ. ವಿವರಣೆ ಜಪಾನಿ ಭಾಷೆಯಲ್ಲಿದ್ದರೂ ಹೋಗಿ. ಇಂಗ್ಲಿಷ್ ಮಾರ್ಗದರ್ಶಕರು ಬೇಕಿದ್ದರೆ ಪಟ್ಟಣದ ಪ್ರವಾಸೋದ್ಯಮ ಸಂಘಕ್ಕೆ ಕೆಲವು ವಾರ ಮೊದಲೇ ಬರೆಯಿರಿ. ಬಸ್ಸು ಹೋಗುವ ಎರಡು ಜಾಗಗಳು ನನ್ನ ಮನಸ್ಸಿನಿಂದ ಹೋಗಿಲ್ಲ. ಒಂದು, ಬಯಲಲ್ಲಿ ಒಂಟಿಯಾಗಿ ನಿಂತ ತಾಕಾನೊ ಕೈಕಾನ್ ಎಂಬ ಹಳೆಯ ಕಲ್ಯಾಣಮಂಟಪ. ಅಂದು ಅಲ್ಲಿ ಹಿರಿಯ ನಾಗರಿಕರ ಕಲಾಪ್ರದರ್ಶನ ನಡೆದಿತ್ತು. ಭೂಕಂಪ ನಿಂತೊಡನೆ ಮನೆಗೆ ಓಡಲು ಹೊರಟ ಹಿರಿಯರನ್ನು ಸಿಬ್ಬಂದಿ ಬಾಗಿಲಲ್ಲೇ ತಡೆದು ಮೇಲಕ್ಕೆ ಹತ್ತಿಸಿದರು. 327 ಜನರೂ ಎರಡು ನಾಯಿಗಳೂ ಬದುಕಿದವು. ಇನ್ನೊಂದು ಇದೇ ಪಟ್ಟಣದ ತೊಗುರಾ ಭಾಗದ ಪ್ರಾಥಮಿಕ ಶಾಲೆಯಿದ್ದ ಜಾಗ. ಸುನಾಮಿ ಬಂದರೆ ಮೂರಂತಸ್ತಿನ ಶಾಲೆಯ ತಾರಸಿಗೆ ಹೋಗಬೇಕೋ, ದೂರದ ಗುಡ್ಡಕ್ಕೋ ಎಂಬ ಬಗ್ಗೆ ಅಲ್ಲಿನ ಶಿಕ್ಷಕರು ಬಹಳ ಕಾಲದಿಂದ ವಾದಿಸುತ್ತಿದ್ದರು. ಅಂದು ಗುಡ್ಡವನ್ನು ಆರಿಸಿದರು, ನೀರು ಅಲ್ಲಿಗೂ ಏರುತ್ತಿರುವುದನ್ನು ಕಂಡು ಇನ್ನೂ ಮೇಲಿದ್ದ ಇಸುಝು ದೇಗುಲಕ್ಕೆ ಮಕ್ಕಳನ್ನು ಹತ್ತಿಸಿದರು. ಶಾಲೆಯ ತಾರಸಿ ಮುಳುಗಿತು. ದೇಗುಲದಲ್ಲಿ 91 ಮಕ್ಕಳು ಬೆಂಕಿ ಕಾಯಿಸಿಕೊಂಡು, ಹಾಡಿಕೊಂಡು ರಾತ್ರಿ ಕಳೆದರು.

ಸಂಜೆ ಉಳಿದವರಿಗಷ್ಟೇ ಕಾಣುವ ಒಂದು ಸಂಗತಿಯಿದೆ. ಕತ್ತಲಾಗುತ್ತಲೇ ಅಂಗಡಿಗಳು ಮುಚ್ಚಿ ತಗ್ಗಿನ ಬಯಲೆಲ್ಲ ಕಪ್ಪಾಗುತ್ತದೆ. ದೀಪಗಳು ಹತ್ತಿಕೊಳ್ಳುವುದು ಸುತ್ತಲಿನ ಗುಡ್ಡಗಳ ಮೇಲೆ. ತಗ್ಗಿನಲ್ಲಿ ಮನೆ ಕಟ್ಟುವುದನ್ನು ನಿಷೇಧಿಸಿ, ಗುಡ್ಡಗಳನ್ನು ಸವರಿ, ಹೊಸ ಬಡಾವಣೆಗಳನ್ನೂ ಪುರಸಭೆಯನ್ನೂ ಆಸ್ಪತ್ರೆಯನ್ನೂ ಅಲ್ಲಿಗೆ ಒಯ್ದಿದ್ದಾರೆ. ಆ ಆಸ್ಪತ್ರೆಗೆ ದೊಡ್ಡ ಪಾಲಿನ ಹಣ ತೈವಾನಿನ ಜನರ ದೇಣಿಗೆಯಿಂದ ಬಂದದ್ದು. ಕೆಲಸ ಮುಗಿಯಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಬೇರೆ ಊರು ಸೇರಿದ ಅನೇಕರು ಮರಳಲಿಲ್ಲ. ಈಗಿನ ಜನಸಂಖ್ಯೆ 12 ಸಾವಿರಕ್ಕಿಂತ ಕಡಿಮೆ. ಕೊಲ್ಲಿಯ ಅಂಚಿನಲ್ಲಿ ಹೊಸ ತಡೆಗೋಡೆ 8.7 ಮೀಟರ್ ಎದ್ದಿದೆ. ಅದರ ಬುಡದಲ್ಲಿ ನಿಂತರೆ ಸಮುದ್ರ ಕಾಣದು. ಇದು ಸರಿಯೇ ಎಂದು ತೀರ್ಪು ಕೊಡುವ ಹಕ್ಕು ಎರಡು ದಿನದ ಅತಿಥಿಗಿಲ್ಲ ಎಂದೇ ನನಗೆ ಅನಿಸಿತು.

ಚೇತರಿಕೆ ನಿಜಕ್ಕೂ ಕಣ್ಣಿಗೆ ಕಟ್ಟುವುದು ನೀರಿನಲ್ಲಿ. ಸುನಾಮಿಗೆ ಮೊದಲು ತೊಗುರಾದ ಸಿಂಪಿ ಸಾಕಣೆಯವರು ಕೊಲ್ಲಿಯನ್ನು ತೇಲುಸಾಲುಗಳಿಂದ ಕಿಕ್ಕಿರಿಸಿದ್ದರು. ಆಹಾರ ಸಾಲದೆ ಸಿಂಪಿ ಬೆಳೆಯಲು ಎರಡು ಮೂರು ವರ್ಷ ಬೇಕಾಗುತ್ತಿತ್ತು. ಎಲ್ಲವೂ ಕೊಚ್ಚಿಹೋದ ಮೇಲೆ ಅವರೇ ಕುಳಿತು ಮಾತಾಡಿ ಸಾಲುಗಳನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದರು. ಈಗ ಒಂದೇ ವರ್ಷದಲ್ಲಿ ಸಿಂಪಿ ಕೊಯ್ಲಿಗೆ ಬರುತ್ತದೆ. 2016ರಲ್ಲಿ ಅದಕ್ಕೆ ಜವಾಬ್ದಾರಿಯುತ ಜಲಚರ ಸಾಕಣೆಗೆ ಕೊಡುವ ಎಎಸ್‌ಸಿ ಪ್ರಮಾಣಪತ್ರ ಜಪಾನಿನಲ್ಲೇ ಮೊದಲ ಬಾರಿಗೆ ಸಿಕ್ಕಿತು, 2018ರಲ್ಲಿ ಕೊಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಮೀನು ತಿನ್ನುವವರು ಇಲ್ಲಿನ ಸಿಂಪಿ, ಆಕ್ಟೋಪಸ್ ಮತ್ತು ಋತುವಿಗೆ ತಕ್ಕಂತೆ ಬದಲಾಗುವ ಕಿರಾಕಿರಾ-ದೊನ್ ಎಂಬ ಅನ್ನದ ಬಟ್ಟಲನ್ನು ಬಿಡಬಾರದು.

ಅಕ್ಕ ಅಪ್ಪಟ ಸಸ್ಯಾಹಾರಿ. ಅಂಥವರಿಗೆ ಇಲ್ಲಿ ಕಷ್ಟವಿದೆ; ತರಕಾರಿ ಎಂದು ಕೊಟ್ಟ ಸಾರಿನಲ್ಲೂ ಮೀನಿನಿಂದ ತೆಗೆದ ದಾಶಿ ಎಂಬ ರಸ ಇರುವುದೇ ಹೆಚ್ಚು. ಹೋಟೆಲಿಗೆ ಕಾಯ್ದಿರಿಸುವಾಗಲೇ ಬರೆದು ತಿಳಿಸಿ, ಜೊತೆಗೆ ಗೊಜ್ಜವಲಕ್ಕಿ ಮತ್ತು ಚಟ್ನಿಪುಡಿ ಇಟ್ಟುಕೊಳ್ಳಿ. ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇದ್ದರೆ ಒಂದು ಹೊತ್ತು ಕಳೆಯುತ್ತದೆ. ಅಂಗಡಿ ಬೀದಿಯಲ್ಲಿ ಮಾರುವ ಒಣಗಿದ ವಕಾಮೆ ಕಡಲಕಳೆಯನ್ನು ಬರೀ ಅನ್ನದ ಜೊತೆ ಅಕ್ಕ ಮೆಚ್ಚಿ ತಿಂದಳು.

ಕಾರು ಓಡಿಸುವವರಿಗೆ ಅನುಕೂಲ ಹೆಚ್ಚು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜಪಾನಿನಲ್ಲಿ ನಡೆಯುತ್ತದೆ, ವಾಹನಗಳು ನಮ್ಮಂತೆ ಎಡಬದಿಯಲ್ಲೇ ಓಡುತ್ತವೆ. ಕಾರಿದ್ದರೆ ಇಶಿನೊಮಾಕಿ ಗಡಿಯ ಕಾಮಿವಾರಿ-ಝಾಕಿಗೆ ಹೋಗಿ. ಫೆಬ್ರವರಿ ನಡುಭಾಗ ಮತ್ತು ಅಕ್ಟೋಬರ್ ಕೊನೆಯಲ್ಲಿ ಸೂರ್ಯ ಅಲ್ಲಿ ಸೀಳಿದ ಎರಡು ಬಂಡೆಗಳ ನಡುವಿನಿಂದ ಹುಟ್ಟುತ್ತಾನೆ. ಫೋನಿನಲ್ಲಿ ಸೇಫ್ಟಿ ಟಿಪ್ಸ್ ಆ್ಯಪ್ ಹಾಕಿಕೊಳ್ಳಿ. ಭೂಕಂಪ, ಸುನಾಮಿಗಳ ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತದೆ. ತಂಗಿದ ದಿನವೇ ಹತ್ತಿರದ ಎತ್ತರದ ಜಾಗಕ್ಕೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಿ.

ಮರಳುವಾಗ ಅರ್ಧ ದಿನ ಉಳಿದರೆ ಮಾಯೆಯಾಚಿಯಲ್ಲಿ ರೈಲು ಬದಲಿಸಿ, ಇಶಿನೊಮಾಕಿ ಮಾರ್ಗದ ಕೊನೆಯ ನಿಲ್ದಾಣವಾದ ಒನಾಗಾವಾಗೆ ಹೋಗಿ. 2011ರ ಮಾರ್ಚ್ ಕೊನೆಯಲ್ಲಿ ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್) ತನ್ನ ಮೊದಲ ವಿದೇಶಿ ಕಾರ್ಯಾಚರಣೆಗೆ 46 ಮಂದಿಯನ್ನು ಕಳುಹಿಸಿದ್ದು ಆ ಊರಿಗೆ. ಹಿಮದ ಚಳಿಯಲ್ಲಿ ಅವರು ಅವಶೇಷಗಳಡಿ ಶವಗಳನ್ನು ಹುಡುಕಿದ್ದರು. ಒನಾಗಾವಾ ಊರಿನ ನಡುವೆ ಎತ್ತರದ ಗೋಡೆ ಕಟ್ಟದೆ ನೆಲವನ್ನೇ ಎತ್ತರಿಸಿಕೊಂಡಿತು. ಹಾಗಾಗಿ ವಾಸ್ತುಶಿಲ್ಪಿ ಶಿಗೆರು ಬಾನ್ ವಿನ್ಯಾಸದ, ಮೇಲೆ ಬಿಸಿನೀರ ಸ್ನಾನಗೃಹವಿರುವ ನಿಲ್ದಾಣದಿಂದ ಹೊರಬಂದರೆ ಅಂಗಡಿಗಳ ನಡುವಿನ ನೇರ ದಾರಿಯ ತುದಿಯಲ್ಲಿ ಸಮುದ್ರ ಕಾಣುತ್ತದೆ. ದಡದ ಹತ್ತಿರ, ಬುಡಸಮೇತ ಮಗುಚಿಬಿದ್ದ ಕಾಂಕ್ರೀಟಿನ ಪೊಲೀಸ್ ಚೌಕಿಯನ್ನು ಬಿದ್ದಂತೆಯೇ ಉಳಿಸಿದ್ದಾರೆ. ಸುತ್ತಲಿನ ನೆಲ ಏರಿದ್ದರಿಂದ ಅದನ್ನು ಈಗ ಮೇಲಿನಿಂದ ಬಗ್ಗಿ ನೋಡಬೇಕು. ಹಿಂದಿರುಗುವ ರೈಲಿನ ಹೊತ್ತನ್ನು ಇಳಿದಾಗಲೇ ನಿಲ್ದಾಣದಲ್ಲಿ ಬರೆದುಕೊಳ್ಳಿ, ಇಲ್ಲಿಯೂ ರೈಲುಗಳು ಕಡಿಮೆ.