ಕಾರಣವನಿಗೆ ಮೀದಿ ಇಡುವ ದಿನ

ಕೊಡವರ ಮನೆಗಳಲ್ಲಿ ಹಿರಿಯರು ಕೈಯಲ್ಲಿ ಅಕ್ಕಿ ಹಿಡಿದು ಬೇಡಿಕೊಳ್ಳುವಾಗ ಮೂರು ಹೆಸರು ಬಂದೇ ಬರುತ್ತವೆ. ಕಾವೇರಮ್ಮೆ, ಇಗ್ಗುತ್ತಪ್ಪ, ಗುರುಕಾರಣ. ಮೊದಲನೆಯವಳು ತಲಕಾವೇರಿಯಲ್ಲಿ ಹುಟ್ಟುವ ನದಿ. ಎರಡನೆಯವನು ಕಕ್ಕಬ್ಬೆ ಹತ್ತಿರ ಪಾಡಿಯಲ್ಲಿ ನೆಲೆಸಿ ಮಳೆ ಬೆಳೆ ಕೊಡುವ ದೇವರು. ಮೂರನೆಯವನು ನಮ್ಮ ಹಾಗೇ ಉಂಡು, ಗದ್ದೆ ಉತ್ತು, ಜಗಳವಾಡಿ ಒಂದು ದಿನ ತೀರಿಕೊಂಡ ಮನುಷ್ಯ. ಒಕ್ಕದ ಮೊದಲ ಹಿರಿಯ. ನದಿ ಮತ್ತು ದೇವರ ಸಾಲಿನಲ್ಲೇ ಅವನಿಗೂ ಜಾಗ. ಚಿಕ್ಕವಳಿದ್ದಾಗ ಇದರಲ್ಲಿ ನನಗೇನೂ ವಿಶೇಷ ಕಂಡಿರಲಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ, "ಸತ್ತವರನ್ನು ದೇವರ ಥರ ಪೂಜೆ ಮಾಡ್ತೀರಾ?" ಅಂತ ಜನ ಕೇಳತೊಡಗಿದಾಗಲೇ ಯೋಚನೆ ಶುರುವಾಯಿತು.

ಒಕ್ಕ ಅಂದರೆ ಒಬ್ಬನೇ ಮೂಲಪುರುಷನಿಂದ ಇಳಿದು ಬಂದ ಕುಟುಂಬ. ನಮ್ಮಲ್ಲಿ ಒಕ್ಕದ ಹೆಸರು ಮೊದಲು, ಅಪ್ಪನದು ಆಮೇಲೆ, ನಮ್ಮದು ಕೊನೆಗೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. 1957ರಲ್ಲಿ ಸೇನಾ ಮುಖ್ಯಸ್ಥರಾದ ತಿಮ್ಮಯ್ಯನವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹೊರಗಿನವರಿಗೆ ಅವರು ಇಬ್ಬರು ಜನರಲ್‌ಗಳು. ಕೊಡಗಿನಲ್ಲಿ ಅವರು ಒಂದೇ ಒಕ್ಕದ ಇಬ್ಬರು ಮಕ್ಕಳು. ಅಪರಿಚಿತರು ಎದುರಾದರೆ ನಮ್ಮ ಕಡೆಯ ಅಜ್ಜಿಯರು ಮೊದಲು ಕೇಳುವುದು ಕೆಲಸವನ್ನಲ್ಲ, ಒಕ್ಕವನ್ನು. ಒಕ್ಕ ಗೊತ್ತಾದರೆ ಸಾಕು, ಇನ್ನೆರಡು ಮಾತಿನಲ್ಲಿ ಏನಾದರೂ ನಂಟು ಹುಡುಕಿಯೇ ಬಿಡುತ್ತಾರೆ.

ಒಕ್ಕಕ್ಕೆ ಒಂದು ಐನ್‌ಮನೆ, ಅಂದರೆ ಮೂಲಮನೆ, ಇರುತ್ತದೆ. ನಮ್ಮದು ಬೆಟ್ಟದ ಇಳಿಜಾರಿನಲ್ಲಿದೆ, ಕೆಳಗೆ ಗದ್ದೆ. ಕೊಡಗಿನ ಹಳ್ಳಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುವ ಬೀದಿಗಳು ಕಡಿಮೆ. ಒಂದೊಂದು ಒಕ್ಕ ಒಂದೊಂದು ದಿಬ್ಬ ಹಿಡಿದು ಕೂತಿದೆ. ಓಣಿ ಹತ್ತಿ ಬಂದರೆ ಅಂಗಳ, ಮೆಟ್ಟಿಲು, ಕೈಯಾಲೆ ಅನ್ನುವ ಜಗಲಿ. ಕಂಬಗಳ ನಡುವೆ ಐಮರ ಅನ್ನುವ ಅಗಲವಾದ ಹಲಗೆ. ಅದರ ಮೇಲೆ ಕೂರುವುದು ಹಿರಿಯರು. ಮಕ್ಕಳು ಹತ್ತಿದರೆ ಬೈಗುಳ ಗ್ಯಾರಂಟಿ. ಒಳಗೆ ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆ, ಅಲ್ಲಿ ದೀಪ. ಮದುವೆಯಾಗಲಿ ಸಾವಾಗಲಿ, ಮೊದಲ ಅಕ್ಕಿ ಆ ದೀಪಕ್ಕೇ.

ಮನೆಯ ಹತ್ತಿರವೇ ಕೈಮಡ, ಗುರುಕಾರಣನ ಗುಡಿ. ದೇವಸ್ಥಾನ ಅಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ, ಅಷ್ಟು ಚಿಕ್ಕದು. ಗೋಪುರವಿಲ್ಲ, ಅರ್ಚಕರಿಲ್ಲ. ಮನೆಯವರೇ ದೀಪ ಹಚ್ಚುತ್ತಾರೆ, ಮನೆಯವರೇ ಬೇಡಿಕೊಳ್ಳುತ್ತಾರೆ.

ಕಾರಣಂಗ್ ಕೊಡ್ಪ ಅಂದರೆ ಈ ಹಿರಿಯರಿಗೆಲ್ಲ ಊಟ ಬಡಿಸುವ ದಿನ. ಒಂದೊಂದು ಒಕ್ಕಕ್ಕೆ ಒಂದೊಂದು ದಿನ, ಒಂದೊಂದು ಪದ್ಧತಿ. ಕೆಲವರಲ್ಲಿ ತೆರೆ ಕಟ್ಟಿಸುವುದೂ, ಅಂದರೆ ವೇಷ ಕಟ್ಟಿ ಹಿರಿಯನನ್ನು ಮೈಮೇಲೆ ಬರಿಸುವುದೂ ಉಂಟು, ಆಗ ಕಾರಣವನೇ (ಆ ಹಿರಿಯನೇ) ಬಂದು ಮಾತಾಡುತ್ತಾನೆ ಅನ್ನುವ ನಂಬಿಕೆ. ನಮ್ಮಲ್ಲಿ ಅಷ್ಟೆಲ್ಲ ಇಲ್ಲ. ಎಲೆಯ ಮೇಲೆ ಮೀದಿ, ಅಂದರೆ ಹಿರಿಯರ ಪಾಲಿನ ಎಡೆ, ಇಡುತ್ತೇವೆ. ಕಡಂಬುಟ್ಟು (ಅಕ್ಕಿತರಿಯ ಕಡುಬು), ಅಕ್ಕಿರೊಟ್ಟಿ, ಕೋಳಿಸಾರು, ಹಂದಿಸಾರು, ಜೊತೆಗೊಂದು ಲೋಟ ಮದ್ಯ. ಹಿಂದೆ ಸಾರಾಯಿ ಇಡುತ್ತಿದ್ದರಂತೆ. ಈಗ ಬ್ರಾಂಡಿ. ಯಾವ ಬ್ರಾಂಡಿ ಅನ್ನುವುದರ ಮೇಲೆ ಪ್ರತಿ ವರ್ಷ ಚರ್ಚೆಯಾಗುತ್ತದೆ. ಆ ಚರ್ಚೆಯಲ್ಲಿ ಕಾರಣವನ ರುಚಿಗಿಂತ ಆಮೇಲೆ ಅದನ್ನು ಪ್ರಸಾದವಾಗಿ ತೆಗೆದುಕೊಳ್ಳುವವರ ರುಚಿಯೇ ಜಾಸ್ತಿ ಕೇಳಿಸುತ್ತದೆ ಅಂತ ನನ್ನ ಅನುಮಾನ. ಇರಲಿ, ಅವನೂ ನಕ್ಕಿರುತ್ತಾನೆ. ಮದ್ಯ ಮಾಂಸದ ಭಕ್ತಿ ಎಂಥದ್ದು ಅಂತ ಮೂಗು ಮುರಿಯುವವರಿಗೆ ನಾನು ಹೇಳುವುದು ಇಷ್ಟೇ. ಅವನು ಬದುಕಿದ್ದಾಗ ಏನು ತಿಂದನೋ ಅದನ್ನೇ ಕೊಡುತ್ತೇವೆ. ಮನೆಯ ಹಿರಿಯನಿಗೆ ಅವನಿಗೆ ಇಷ್ಟವಾದದ್ದನ್ನು ಬಿಟ್ಟು ಬೇರೇನು ಬಡಿಸೋದು?

ಬಯಲುಸೀಮೆಯ ನನ್ನ ಗೆಳತಿಯ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ತರ್ಪಣ ಬಿಡುತ್ತಾರೆ. ಅಪ್ಪ, ಅಜ್ಜ, ಮುತ್ತಜ್ಜ, ಮೂರು ತಲೆಮಾರಿನ ಹೆಸರು ಗೊತ್ತಿರಲೇಬೇಕು. ನಮ್ಮ ಕೈಮಡದಲ್ಲಿ ಯಾರೂ ಹೆಸರು ಕೇಳುವುದಿಲ್ಲ. ಗುರುಕಾರಣ ಅಂದರೆ ಮೊದಲಿನವನು, ಕಾರಣವರು ಅಂದರೆ ಅವನ ಹಿಂದೆ ಹೋದ ಉಳಿದವರೆಲ್ಲ. ಹೆಸರು ಮರೆತರೂ ಯಾರೂ ಹಸಿದು ಹೋಗುವುದಿಲ್ಲ. ನನಗೆ ಈ ವ್ಯವಸ್ಥೆ ಇಷ್ಟ.

ಆದರೆ ತಾಲ್ಲೂಕು ಕಚೇರಿಗೆ ಹೆಸರು ಬೇಕು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಒಕ್ಕದ್ದು, ದಾಖಲೆಯಲ್ಲಿ ಮಾತ್ರ ಪಟ್ಟೆದಾರನ, ಅಂದರೆ ಒಕ್ಕದ ಯಜಮಾನನ, ಹೆಸರು. ಎಷ್ಟೋ ಪಹಣಿಗಳಲ್ಲಿ ಯಾವ ಕಾಲದಲ್ಲೋ ತೀರಿಕೊಂಡವರು ಇನ್ನೂ ಕೂತಿದ್ದಾರೆ. ಪೌತಿ ಖಾತೆ ಮಾಡಿಸಬೇಕಾದರೆ ವಂಶವೃಕ್ಷ ಕೊಡಬೇಕು. ಯಾರ ಮಗ ಯಾರು, ಯಾರು ಯಾವಾಗ ಸತ್ತರು, ಎಲ್ಲ. ನಮ್ಮ ಒಕ್ಕದ ಹುಡುಗರು ಮೊದಲ ಸಲ ಮುತ್ತಜ್ಜಂದಿರ ಹೆಸರು ಹುಡುಕಿದ್ದು ಹಾಗೆ. ಭಕ್ತಿಯಿಂದಲ್ಲ, ಖಾತೆಗಾಗಿ.

ಅಷ್ಟು ಹೊತ್ತಿಗೆ ಎಲ್ಲರೂ ಚದುರಿದ್ದರು. ಹಿಂದೆ ಅಣ್ಣತಮ್ಮಂದಿರು, ಅವರ ಮಕ್ಕಳು, ಮೊಮ್ಮಕ್ಕಳು ಒಂದೇ ಐನ್‌ಮನೆಯಲ್ಲಿ ಇರುತ್ತಿದ್ದರು. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1850ರ ದಶಕದಿಂದ ಕಾಫಿ ತೋಟಗಳು ಎದ್ದವು. ಒಬ್ಬ ತೋಟದ ಮಧ್ಯೆ ಮನೆ ಕಟ್ಟಿದ, ಒಬ್ಬ ಪಟ್ಟಾಳಕ್ಕೆ (ಸೈನ್ಯಕ್ಕೆ) ಹೋದ, ಒಬ್ಬ ಬೆಂಗಳೂರಿಗೆ. ಈಗ ಐನ್‌ಮನೆಯ ಬಾಗಿಲು ಪೂರ್ತಿ ತೆರೆಯುವುದು ಆಯುಧ ಪೂಜೆಯ ಕೈಲ್‌ಪೊಳ್ದ್, ಸುಗ್ಗಿಯ ಪುತ್ತರಿ ಮತ್ತು ಕಾರಣಂಗ್ ಕೊಡ್ಪಕ್ಕೆ. ಒಕ್ಕ ಉಳಿದದ್ದಕ್ಕೆ ಹಾಕಿಯೂ ಒಂದು ಕಾರಣ ಅಂದರೆ ನಗಬೇಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಒಕ್ಕಗಳ ನಡುವೆ ಹಾಕಿ ಹಬ್ಬ ಶುರು ಮಾಡಿದಾಗ 60 ತಂಡ ಬಂದಿದ್ದವು. ಈಗ ಮುನ್ನೂರರ ಮೇಲೆ ಬರುತ್ತವೆ. ಹನ್ನೊಂದು ಜನರನ್ನು ಹೊಂದಿಸಲು ಎಲ್ಲೆಲ್ಲಿಯ ದಾಯಾದಿಗಳನ್ನೋ ಹುಡುಕಿ ಫೋನ್ ಮಾಡುತ್ತಾರೆ.

ಖಾತೆಗೆಂದು ಶುರುವಾದ ಪಟ್ಟಿ ಕೊನೆಗೆ ದೊಡ್ಡ ಚಾರ್ಟ್ ಆಯಿತು. ಒಕ್ಕದವರೆಲ್ಲ ಸೇರುವ ಒಕ್ಕಕೂಟದ ದಿನ ಅದನ್ನು ಕೈಯಾಲೆಯ ಗೋಡೆಗೆ ಹಾಕಿದರು. ಗುರುಕಾರಣನಿಂದ ಇಳಿದು, ಕವಲೊಡೆದು, ಕೆಳಗೆ ನಮ್ಮ ತಮ್ಮಂದಿರ ಮಕ್ಕಳವರೆಗೆ. ಎಲ್ಲರೂ ಬೆರಳಿಟ್ಟು ತಮ್ಮನ್ನು ಹುಡುಕಿಕೊಂಡರು. ನಾನೂ ಹುಡುಕಿದೆ. ನನ್ನ ಹೆಸರಿನ ಪಕ್ಕ "ಮದುವೆಯಾಗಿದೆ" ಅಂತ ಇತ್ತು, ಅಲ್ಲಿಗೆ ಗೆರೆ ನಿಂತಿತ್ತು. ಮೇಲೆ ಹೋದಂತೆ ಹೆಂಗಸರ ಜಾಗದಲ್ಲಿ ಹೆಸರೇ ಇಲ್ಲ. ನನ್ನ ಅಪ್ಪನ ಮುತ್ತಜ್ಜನ ಪಕ್ಕದ ಚೌಕದಲ್ಲಿ ಬರೀ "ಹೆಂಡತಿ".

ಇದೇನು ಹೊಸದಲ್ಲ. ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಮದುವೆಯ ದಿನ ಎರಡೂ ಕಡೆಯ ಅರುವರು, ಅಂದರೆ ಒಕ್ಕದ ಪರವಾಗಿ ಮಾತಾಡುವವರು, ಎದುರುಬದುರು ನಿಂತು, ಮಾತಿಗೆ ಮಾತು ಕೊಟ್ಟು, ಅವಳನ್ನು ಒಂದು ಒಕ್ಕದಿಂದ ಇನ್ನೊಂದಕ್ಕೆ ಒಪ್ಪಿಸುತ್ತಾರೆ. ನನಗೂ ಹಾಗೆಯೇ ಆಯಿತು, ಅತ್ತಿದ್ದೆ ಕೂಡ. ಆದರೆ ಒಕ್ಕದಲ್ಲಿ ಗಂಡುಮಕ್ಕಳೇ ಇಲ್ಲದೆ ಹೋದರೆ? ಆಗ ಒಕ್ಕಪರಿಜೆ, ಮಕ್ಕಪರಿಜೆ ಅನ್ನುವ ಮದುವೆಗಳಿವೆ. ಮಗಳ ಮಕ್ಕಳು ತಾಯಿಯ ಒಕ್ಕದ ಹೆಸರನ್ನೇ ಹೊತ್ತು ಅದನ್ನು ಮುಂದುವರಿಸುತ್ತಾರೆ. ಅಂದರೆ ದೀಪ ಆರುವ ಹೊತ್ತಿಗೆ ಮಗಳು ನೆನಪಾಗುತ್ತಾಳೆ. ಉಳಿದ ಹೊತ್ತಿನಲ್ಲಿ ಗೆರೆ ನಿಲ್ಲುತ್ತದೆ. ಇದನ್ನು ಸ್ವಲ್ಪ ಕೋಪದಿಂದಲೇ ಬರೆಯುತ್ತಿದ್ದೇನೆ.

ಐಮರದ ಮೇಲೆ ಕೂತಿದ್ದ ಪಟ್ಟೆದಾರ ಅಜ್ಜನ ಕಾಲು ಮುಟ್ಟಿ ಪಕ್ಕಕ್ಕೆ ನಿಂತೆ. "ಅಜ್ಜ, ಈ ಮುತ್ತಜ್ಜಿಯ ಹೆಸರೇನು?" ಅಂತ ಕೇಳಿದೆ. ಗೊತ್ತಿಲ್ಲ ಅಂದರು. "ಮತ್ತೆ ಅವಳಿಗೆ ಮೀದಿ ಹೇಗೆ ಸಲ್ಲುತ್ತದೆ?"

"ನೋಡು ಕುಂಞಿ (ಮಗು), ಈ ಒಲೆಯಲ್ಲಿ ಬೇಯಿಸಿದವರು, ಈ ಮನೆಯಲ್ಲಿ ಉಂಡವರು ಎಲ್ಲರೂ ಬರುತ್ತಾರೆ. ಹೆಸರು ಕರೆದರೆ ಮಾತ್ರ ಬರೋದಕ್ಕೆ ಅವರೇನು ನೆಂಟರಾ?"

ಮಾತು ಸರಿ ಅನ್ನಿಸಿತು. ಅಂದು ಕೈಮಡದ ಮುಂದೆ ನಿಂತಾಗ, ಬೇಡಿಕೊಳ್ಳುವ ಪ್ರತಿ ಮಾತಿನಲ್ಲೂ ನಾನು ಅವಳನ್ನೂ ಸೇರಿಸಿಕೊಂಡೆ. ಗದ್ದೆ ನೆಟ್ಟವಳು. ಈ ಓಣಿ ಹತ್ತಿ ನಮ್ಮ ಮನೆಗೆ ಬಂದವಳು. ನನ್ನ ಹಾಗೇ ಅಪ್ಪನ ಮನೆಯ ಕೈಮಡವನ್ನು ಬಿಟ್ಟು ಬಂದು, ಬೇರೆಯವರ ಗುರುಕಾರಣನಿಗೆ ದೀಪ ಹಚ್ಚಿದವಳು. ಅವಳ ಮಟ್ಟಿಗೆ ಅವನು ಯಾವಾಗ "ನಮ್ಮವನು" ಆದನೋ! ನನಗೆ ನನ್ನ ಗಂಡನ ಒಕ್ಕದ ಕೈಮಡದಲ್ಲಿ ಮನಸ್ಸು ಕೂರಲು ವರ್ಷಗಳೇ ಬೇಕಾದವು. ಈಗ ಎರಡೂ ಕಡೆ ಕೈ ಮುಗಿಯುತ್ತೇನೆ, ಎರಡೂ ಕಡೆ ಕಣ್ಣು ತುಂಬುತ್ತದೆ. ಹೆಂಗಸರಿಗೆ ಈ ಒಂದು ಲಾಭ ಇದೆ, ಕಾಯುವ ಕಾರಣವರು ಡಬಲ್.

ಆದರೂ ಆ ಖಾಲಿ ಚೌಕ ಬಿಡಲಿಲ್ಲ. ಊಟಕ್ಕೆ ಕೂತಾಗ ಮತ್ತೆ ಅದೇ ಮಾತು ತೆಗೆದೆ. ಆಗ ಒಬ್ಬ ಮಾವಿ (ಅತ್ತೆ), ಎಂಬತ್ತು ದಾಟಿದವರು, ರೊಟ್ಟಿ ಮುರಿಯುತ್ತಾ ಥಟ್ಟನೆ ಹೇಳಿದರು. ಅವಳ ಹೆಸರು ಗೊತ್ತಿಲ್ಲ, ಆದರೆ ತಾಮನೆ, ಅಂದರೆ ತವರಿನ ಒಕ್ಕ, ಗೊತ್ತು. ಬೆಟ್ಟದ ಆಚೆ ಬದಿಯ ಇಂಥ ಒಕ್ಕದ ಮಗಳು. ಹಿಂದೆ ಆ ಮನೆಯಿಂದ ಹಬ್ಬಕ್ಕೆ ಕರೆ ಬರುತ್ತಿತ್ತಂತೆ, ಮಾವಿ ಹುಡುಗಿಯಾಗಿದ್ದಾಗ ಹೋಗಿದ್ದರಂತೆ.

ಹೆಣ್ಣಿನ ತವರನ್ನು ಕೊಡಗು ಮರೆಯುವುದಿಲ್ಲ. ಇವತ್ತಿಗೂ ಮದುವೆ ಕರೆಯೋಲೆಯಲ್ಲಿ, ಸಾವಿನ ಸುದ್ದಿಯಲ್ಲಿ ತಾಮನೆ ಅಂತ ಬರೆದೇ ಬರೆಯುತ್ತಾರೆ. ಚಾರ್ಟ್ ಮಾಡಿದ ಹುಡುಗರಿಗೆ ಅದನ್ನು ಕೇಳಬೇಕು ಅಂತ ಹೊಳೆದಿರಲಿಲ್ಲ, ಅಷ್ಟೇ. ಅವರಲ್ಲೊಬ್ಬ ಎಂಜಲು ಕೈಯಲ್ಲೇ ಎದ್ದು ಹೋಗಿ ಪೆನ್ ತಂದ. ಕೈ ತೊಳೆದು ಬಾ ಅಂತ ಬೈಸಿಕೊಂಡ. "ಹೆಂಡತಿ" ಅಂತ ಇದ್ದ ಕಡೆ ಒಕ್ಕದ ಹೆಸರು ಬರೆದ. ಆಮೇಲೆ ಸಾಲಾಗಿ ಬೇರೆ ಅಜ್ಜಿಯರ ತಾಮನೆಗಳೂ ಬಂದವು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಅಲ್ಲ ಅಂದರು, ವಾದ ಜೋರಾಯಿತು, ಸಾರು ಆರಿತು.

ಮುಂದಿನ ಕೈಲ್‌ಪೊಳ್ದಿಗೆ ಚಾರ್ಟ್ ಮತ್ತೆ ಪ್ರಿಂಟ್ ಮಾಡಿಸುತ್ತಾರಂತೆ. ಅದಕ್ಕೆ ಮುಂಚೆ ಬೆಟ್ಟದ ಆಚೆಯ ಆ ಐನ್‌ಮನೆಗೆ ಹೋಗಿ ಬರಬೇಕು. ಅವರ ಕೈಮಡಕ್ಕೊಂದು ನಮಸ್ಕಾರ ಹಾಕಬೇಕು, ಅವಳು ಮೊದಲು ಕೈ ಮುಗಿದದ್ದು ಅಲ್ಲಿಯೇ ಅಲ್ವಾ? ಅವರ ಹತ್ತಿರವೂ ವಂಶದ ಪಟ್ಟಿ ಇದೆಯಂತೆ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬರೆದಿದ್ದಾರೋ ಇಲ್ಲವೋ, ನೋಡಬೇಕು.